16 ಕಿಲೋ ಕಟ್ಟಿಗೆಯ ಲೆಕ್ಕ

ಮಾವನ ಆಲೆಮನೆ ಶುರುವಾದ ಎರಡನೇ ದಿನವೇ ಮಳೆ ಹೊಡೆಯಿತು. ಜನವರಿಯಲ್ಲಿ ಮಳೆ ಬರುತ್ತದೆ ಅಂತ ಯಾರು ಎಣಿಸಿರುತ್ತಾರೆ? ಗಾಣದ ಪಕ್ಕ ಒಣಗಲು ಹರವಿದ್ದ ಕಬ್ಬಿನ ಸಿಪ್ಪೆ ಪೂರ್ತಿ ತೊಯ್ದುಹೋಯಿತು. ಒಲೆಗೆ ಆ ಸಿಪ್ಪೆಯೇ ಉರುವಲು. ಕಡಿದ ಕಬ್ಬಂತೂ ಕಾಯುವುದಿಲ್ಲ, ಹಾಲು ಹುಳಿಯಾಗುತ್ತದೆ. ಆ ರಾತ್ರಿ ಕಟ್ಟಿಗೆಯಲ್ಲೇ ಬೆಲ್ಲ ಬೇಯಿಸುವುದು ಅಂತ ತೀರ್ಮಾನವಾಯಿತು.

ಸಾಗರದ ಹತ್ತಿರದ ಊರು ಅದು. ನಾನಾಗ ಮೊದಲ ಪಿಯುಸಿ. ಮಾವನಿಗೆ ಸಿಪ್ಪೆಯ ಅಂದಾಜು ಗೊತ್ತಿತ್ತು, ಕಟ್ಟಿಗೆಯದ್ದು ಗೊತ್ತಿರಲಿಲ್ಲ. "ಒಂದು ಕೊಪ್ಪರಿಗೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕು ನೋಡೋಣ, ನಿನ್ನ ಪುಸ್ತಕದಲ್ಲಿ ಇರ್ತದೆ ಅಲ್ವಾ?" ಅಂದರು.

ಇತ್ತು. ವಿಶಿಷ್ಟೋಷ್ಣದ ಪಾಠ ಆಗಷ್ಟೇ ಮುಗಿದಿತ್ತು. ಕೊಪ್ಪರಿಗೆಯಲ್ಲಿ 200 ಕಿಲೋ ಕಬ್ಬಿನ ಹಾಲು. ಬಹುಪಾಲು ನೀರೇ ಆದ್ದರಿಂದ ನೀರಿನ ವಿಶಿಷ್ಟೋಷ್ಣವನ್ನೇ ಹಿಡಿದೆ. ಒಂದು ಕಿಲೋ ಒಂದು ಡಿಗ್ರಿ ಏರಲು 4.2 ಕಿಲೋಜೂಲ್. 25ರಿಂದ 100 ಡಿಗ್ರಿಗೆ ಏರಬೇಕು. 200, 4.2, 75 ಗುಣಿಸಿದರೆ 63,000 ಕಿಲೋಜೂಲ್. ಒಣ ಕಟ್ಟಿಗೆ ಕಿಲೋಗೆ ಸುಮಾರು 16,000 ಕೊಡುತ್ತದೆ. ಮಣ್ಣಿನ ಒಲೆಯಲ್ಲಿ ಕಾಲು ಪಾಲಷ್ಟೇ ಕೊಪ್ಪರಿಗೆಗೆ ಸೇರುತ್ತದೆ ಅಂತ ಇಟ್ಟುಕೊಂಡೆ. 16 ಕಿಲೋ ಸಾಕು ಅಂತ ಹೇಳಿದೆ. "ಇಷ್ಟೇನಾ?" ಅಂತ ಮಾವ ಒಂದು ಸಲ ಕೇಳಿದರು. ಆಮೇಲೆ ನನ್ನನ್ನು ನಂಬಿದರು. ಮನೆಯಿಂದ ಎರಡು ಹೊರೆ ತರಿಸಿದರು.

ಮುಕ್ಕಾಲು ಗಂಟೆಯೊಳಗೆ ಹಾಲು ಕುದಿಗೆ ಬಂತು. ಮೇಲೆ ಬಂದ ಮಡ್ಡಿ ತೆಗೆದರು. ಅಲ್ಲಿಗೆ ಲೆಕ್ಕ ಸರಿಯಾಗೇ ಇತ್ತು. ಒಂಬತ್ತರ ಹೊತ್ತಿಗೆ ಎರಡೂ ಹೊರೆ ಮುಗಿದವು. ಕೊಪ್ಪರಿಗೆ ನೋಡಿದರೆ ನಾಲ್ಕು ಬೆರಳೂ ಇಳಿದಿರಲಿಲ್ಲ. ಹಾಲು ಇನ್ನೂ ಹಾಲಾಗೇ ಇತ್ತು.

ಉರಿ ಕುಗ್ಗಿತು, ಕುದಿ ನಿಂತಿತು. ಮಾವ ಒಂದು ಮಾತೂ ಬೈಯಲಿಲ್ಲ, ನನಗೆ ಅದೇ ಜಾಸ್ತಿ ನೋವಾಯಿತು. ಬಚ್ಚಲಿಗೆ ಕೂಡಿಟ್ಟ ಕಟ್ಟಿಗೆ, ತೆಂಗಿನ ಗರಟೆ, ಹಳೇ ಅಡಿಕೆ ದಬ್ಬೆ, ಸಿಕ್ಕಿದ್ದೆಲ್ಲ ಕತ್ತಲಲ್ಲಿ ಹೊತ್ತು ತಂದೆವು. ಒದ್ದೆ ಸಿಪ್ಪೆಯನ್ನೂ ನಡುನಡುವೆ ತುರುಕಿದೆವು. ಅದು ಬರೀ ಹೊಗೆ ಕೊಟ್ಟಿತು. ತನ್ನೊಳಗಿನ ನೀರನ್ನು ಓಡಿಸುವುದಕ್ಕೇ ಅದಕ್ಕೆ ಬೆಂಕಿ ಬೇಕಿತ್ತು.

ಒಲೆ ಬಾಯಲ್ಲಿ ಕೂತಿದ್ದಾಗಲೇ ನನಗೆ ಹೊಳೆದದ್ದು. ಬೆಂಕಿ ಉರಿಯುತ್ತಲೇ ಇದೆ, ಹಾಲು ಮಾತ್ರ ಹೆಚ್ಚು ಬಿಸಿಯಾಗುತ್ತಿಲ್ಲ. ಆ ಬೆಂಕಿಯೆಲ್ಲ ಆವಿಯ ಜೊತೆ ಮಾಡಿನ ಸಂದಿಯಿಂದ ಹೊರಗೆ ಹೋಗುತ್ತಿದೆ. ಗುಪ್ತೋಷ್ಣ! ಮುಂದಿನ ಪಾಠದಲ್ಲಿ ಆ ಪದ ನೋಡಿದ್ದೆ, ಓದಿರಲಿಲ್ಲ. ನೂರು ಡಿಗ್ರಿಯ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಜೋನಿ ಬೆಲ್ಲ, ಅಂದರೆ ಅಚ್ಚಾಗದ ನೀರು ಬೆಲ್ಲ, ಆಗಬೇಕಾದರೆ 200 ಕಿಲೋ ಹಾಲಿನಿಂದ ಸುಮಾರು 150 ಕಿಲೋ ನೀರು ಹೋಗಬೇಕು. 3,39,000 ಕಿಲೋಜೂಲ್. ಅದೇ ಒಲೆಯಲ್ಲಿ 85 ಕಿಲೋ ಕಟ್ಟಿಗೆ. ಕುದಿಗೆ ತರುವ 16 ಸೇರಿಸಿದರೆ ಒಟ್ಟು ನೂರು ಕಿಲೋ ದಾಟುತ್ತದೆ. ನಾನು ಹೇಳಿದ್ದು ಆರರಲ್ಲಿ ಒಂದು ಪಾಲು ಕೂಡ ಅಲ್ಲ.

ಪಾಕ ಬಂದಾಗ ರಾತ್ರಿ ಎರಡು ದಾಟಿತ್ತು. ಸಣ್ಣ ಉರಿಯಲ್ಲಿ ಅಷ್ಟು ಹೊತ್ತು ಬೆಂದ ಬೆಲ್ಲ ಕಪ್ಪಗಾಗಿತ್ತು. ಆ ಡಬ್ಬಿಗಳಿಗೆ ಒಳ್ಳೇ ರೇಟು ಸಿಗಲಿಲ್ಲ.

ಆಮೇಲೆ ಗುಪ್ತೋಷ್ಣವನ್ನು ಕಂಡುಹಿಡಿದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಬಗ್ಗೆ ಓದಿದೆ. 1762ರಲ್ಲಿ, ಗ್ಲಾಸ್ಗೋದಲ್ಲಿ, ಆತ ಕೆಂಪಗೆ ಕಾದ ಒಲೆಯ ಮೇಲೆ ನೀರಿಟ್ಟು ಸುಮ್ನೆ ಹೊತ್ತು ನೋಡಿದನಂತೆ. ಕುದಿಯಲು ಸುಮಾರು ನಾಲ್ಕು ನಿಮಿಷ, ಪೂರ್ತಿ ಆವಿಯಾಗಿ ಹೋಗಲು ಸುಮಾರು ಇಪ್ಪತ್ತು. ಆ ಹೊತ್ತಿನಲ್ಲೇ ಗುಪ್ತೋಷ್ಣದ ಅಳತೆ ಇತ್ತು. ಓದುತ್ತಾ ಕಣ್ಣು ತುಂಬಿ ಬಂತು. ನಮ್ಮ ಆಲೆಮನೆಯವರಿಗೂ ಇದು ಗೊತ್ತೇ ಇತ್ತಲ್ಲ! ಕುದಿಯುವುದು ಬೇಗ, ಬೆಲ್ಲವಾಗುವುದು ನಿಧಾನ ಅಂತ ನಾನು ಅವರನ್ನೇ ಕೇಳಬಹುದಿತ್ತು.

ಮುಂದಿನ ವರ್ಷ ಒಂದು ಥರ್ಮಾಮೀಟರ್ ಕೊಂಡು ಹೋದೆ. ಹಾಲು 98ರ ಹತ್ತಿರವೇ ಕುದಿಯಿತು. ಸಾಗರ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆಯಲ್ಲ, ಅದಕ್ಕೆ. ಎರಡು ಗಂಟೆ ಪಾದರಸ ಅಲ್ಲಾಡಿದ್ದೇ ಕಡಿಮೆ. ಕೊನೆಗೆ ಸಕ್ಕರೆ ಗಟ್ಟಿಯಾಗುತ್ತಾ ಬಂದಂತೆ ಸರಸರ ಏರಿ 104ಕ್ಕೆ ಹೋಯಿತು. ಅದೇ ಹೊತ್ತಿಗೆ ಮಾವ ಸಟ್ಟುಗದಿಂದ ಇಳಿಯುವ ಎಳೆ ನೋಡಿ "ಇಳಿಸಿ" ಅಂದರು. ಥರ್ಮಾಮೀಟರನ್ನು ಅವರು ನೋಡಿಯೇ ಇರಲಿಲ್ಲ.

ಅವತ್ತು ಅವರು ಇನ್ನೊಂದು ಪ್ರಶ್ನೆ ಕೇಳಿದರು. ಹೊಗೆ ಹೋಗುವ ದಾರಿಯ ಮೇಲೆ ಎರಡನೇ ಕೊಪ್ಪರಿಗೆ ಇಟ್ಟು, ಮುಂದಿನ ಹಾಲನ್ನು ಮೊದಲೇ ಕಾಯಿಸಿಕೊಂಡರೆ ಎಷ್ಟು ಉಳಿಯುತ್ತದೆ? ಈ ಸಲ ಎರಡು ಸಲ ಲೆಕ್ಕ ಹಾಕಿದೆ. ಕುದಿಯುವ ತನಕ ಕಾಯಿಸಿದರೂ ನೂರು ಕಿಲೋದಲ್ಲಿ ಉಳಿಯುವುದು 16 ಕಿಲೋ, ಅದಕ್ಕಿಂತ ಜಾಸ್ತಿ ಇಲ್ಲ. ಆವಿಯ ಪಾಲು ಹಾಗೇ ಇರುತ್ತದೆ.

"ಹದಿನಾರಾ? ಇರಲಿ, ಮಾಡುವ," ಅಂದರು ಮಾವ.

ಬೇಸಿಗೆಯಲ್ಲಿ ಇಬ್ಬರೂ ಸೇರಿ ಒಲೆಯ ಹಿಂದೆ ಅಗೆದೆವು. ಆ ಮುಂದಿನ ಆಲೆಮನೆಯಲ್ಲಿ ಹಿಂದಿನ ಕೊಪ್ಪರಿಗೆಯ ಹಾಲು 60 ಡಿಗ್ರಿಗೆ ಬಂತು. ಏಳು ಕಿಲೋ ಚಿಲ್ಲರೆ ಉಳಿತಾಯ ಅಂತ ಆಲೆಮನೆಯ ಕಂಬದ ಮೇಲೆ ಇದ್ದಿಲಲ್ಲಿ ಬರೆದೆ.