ಮೂರನೇ ಟೇಬಲ್ಲು ಖಾಲಿ ಕೂತರೆ ಕೂರಲಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಹಕಾರ ಸಂಘದಲ್ಲಿ ಆವಕ ನೋಡಿಕೊಳ್ಳುವುದು ನನ್ನ ಕೆಲಸ. ಮೂಟೆ ಇಳಿಸಿಕೊಳ್ಳಬೇಕು, ಮಾದರಿ ನೋಡಬೇಕು, ತೂಕ ಹಾಕಿ ರಸೀದಿ ಕೊಡಬೇಕು. ಸೀಸನ್ನಿನಲ್ಲಿ ರೈತರ ಮೊದಲ ದೂರು ದರದ್ದು, ಎರಡನೆಯದು ಕಾಯಿಸುವುದರದ್ದು. ದರ ನನ್ನ ಕೈಯಲ್ಲಿಲ್ಲ. ಕಾಯುವ ಹೊತ್ತು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಆಗುಂಬೆ, ಮೇಗರವಳ್ಳಿ ಕಡೆಯಿಂದ ಬಂದವರಿಗೆ ಒಂದು ಗಂಟೆ ತಡವಾದರೆ ವಾಪಸು ಬಸ್ಸೇ ತಪ್ಪಿಹೋಗುತ್ತದೆ.

ತೂಕಕ್ಕೆ ಮೂರನೇ ಟೇಬಲ್ ಬೇಕು ಎಂದಾಗಲೆಲ್ಲ ಕೇಳಿಬರುವ ಮಾತು ಒಂದೇ: "ಇರೋ ಎರಡು ಟೇಬಲ್ಲಿಗೇ ನೂರಕ್ಕೆ ತೊಂಬತ್ತು ಪಾಲು ಕೆಲಸ. ಹತ್ತು ಪಾಲು ಹೊತ್ತು ಸುಮ್ನೆ ಕೂತಿರ್ತಾರೆ. ಇನ್ನೊಂದು ಯಾತಕ್ಕೆ ಮಾರಾಯ್ರೆ?"

ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಒಬ್ಬ ರೈತರ ಮಾಲಿಗೆ ಸರಾಸರಿ ಹತ್ತು ನಿಮಿಷ ಎಂದುಕೊಂಡರೆ ಎರಡು ಟೇಬಲ್ಲಿನಿಂದ ಗಂಟೆಗೆ ಹನ್ನೆರಡು ಜನರನ್ನು ಕಳಿಸಬಹುದು. ಬರುವವರು ಸರಾಸರಿ ಹನ್ನೊಂದಕ್ಕೂ ತುಸು ಕಡಿಮೆ. ಹಾಗಿದ್ದೂ ಅಂಗಳ ತುಂಬುವುದೇಕೆ?

ಕೋಣಂದೂರಿನವರು ಆರಗದವರನ್ನು ಕೇಳಿಕೊಂಡು ಹೊರಡುವುದಿಲ್ಲವಲ್ಲ, ಅದಕ್ಕೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಇದನ್ನೇ ಫೋನ್ ಕರೆಗಳ ಬಗ್ಗೆ ತೋರಿಸಿದ. ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವವರ ಸಂಖ್ಯೆ ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ. ಸರಾಸರಿ ಗೊತ್ತಿದ್ದರೆ, ಎಷ್ಟು ಸಲ ಎಷ್ಟು ಜನ ಬರುತ್ತಾರೆ ಎಂದು ಹೇಳುವ ಲೆಕ್ಕ ಅದು. ನಮ್ಮ ಅಂಗಳಕ್ಕೆ ಅದನ್ನು ಹಾಕಿ ನೋಡಿ. ಹತ್ತು ನಿಮಿಷಕ್ಕೆ ಸರಾಸರಿ 1.8 ಜನ. ಆದರೆ ಸುಮಾರು ಆರರಲ್ಲಿ ಒಂದು ಸಲ ಆ ಹತ್ತು ನಿಮಿಷದಲ್ಲಿ ಯಾರೂ ಬರುವುದಿಲ್ಲ. ಒಂಬತ್ತರಲ್ಲಿ ಒಂದು ಸಲ ನಾಲ್ಕು ಅಥವಾ ಇನ್ನೂ ಹೆಚ್ಚು ಜನ ಒಟ್ಟಿಗೆ ಬಂದು ನಿಲ್ಲುತ್ತಾರೆ. ಯಾರೂ ಬಾರದೆ ಕಳೆದ ಹತ್ತು ನಿಮಿಷವನ್ನು ಎತ್ತಿಟ್ಟು ಆಮೇಲೆ ಬಳಸಲು ಬರುವುದಿಲ್ಲ. ಸಾಲು ಹುಟ್ಟುವುದು ಅಲ್ಲಿ.

ಮೇಲಿನ ಅಂಕಿಗಳಿಗೇ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ, ಕಾಯುವ ಹೊತ್ತು ಹೇಳುವ ಸೂತ್ರ ಹಾಕಿದರೆ ಬರುವ ಉತ್ತರ ಪ್ರತಿ ಮ್ಯಾನೇಜರ್ ಮುಂದೆಯೂ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಎರಡು ಟೇಬಲ್ಲಿಗೆ ಎರಡು ಸಾಲು ಮಾಡಿ, ಒಂದರಿಂದ ಇನ್ನೊಂದಕ್ಕೆ ಹಾರಲು ಬಿಡದಿದ್ದರೆ, ತೂಕ ಶುರುವಾಗುವ ಮೊದಲೇ ಸರಾಸರಿ 90 ನಿಮಿಷ ಕಾಯಬೇಕು. ಅದೇ ಎರಡು ಟೇಬಲ್ಲು, ಅದೇ ಜನ, ಆದರೆ ಟೋಕನ್ ಕೊಟ್ಟು ಒಂದೇ ಸಾಲು ಮಾಡಿದರೆ ಸುಮಾರು 43 ನಿಮಿಷ. ಇದಕ್ಕೆ ಖರ್ಚೇ ಇಲ್ಲ. ಮೂರನೇ ಟೇಬಲ್ ಹಾಕಿ, ಸಾಲು ಒಂದೇ ಇಟ್ಟರೆ? ಸುಮಾರು 3 ನಿಮಿಷ!

ಟೇಬಲ್ ಹೆಚ್ಚಿದ್ದು ಒಂದೂವರೆ ಪಟ್ಟು, ಕಾಯುವ ಹೊತ್ತು ಇಳಿದದ್ದು ಹದಿನಾಲ್ಕು ಪಟ್ಟು. ಒಂದೇ ಟೇಬಲ್ ಇರುವ ಕಡೆ ಇದು ಇನ್ನೂ ಸ್ಪಷ್ಟ: ನೂರಕ್ಕೆ ಎಂಬತ್ತು ಪಾಲು ಕೆಲಸವಿದ್ದರೆ ಸರಾಸರಿ ನಾಲ್ಕು ಜನರ ಮಾಲು ತೂಗುವಷ್ಟು ಹೊತ್ತು ಕಾಯಬೇಕು, ತೊಂಬತ್ತಕ್ಕೆ ಒಂಬತ್ತು, ತೊಂಬತ್ತೈದಕ್ಕೆ ಹತ್ತೊಂಬತ್ತು. ಕೊನೆಯ ಐದು ಪಾಲು 'ಉಳಿತಾಯ'ದ ಬೆಲೆಯನ್ನು ಅಂಗಳದಲ್ಲಿ ನಿಂತ ರೈತರು ತೆರುತ್ತಾರೆ. ಅದು ನಮ್ಮ ಯಾವ ಖರ್ಚಿನ ಪುಸ್ತಕದಲ್ಲೂ ಬರುವುದಿಲ್ಲ, ಹಾಗಾಗಿ ಮೂರನೇ ಟೇಬಲ್ಲಿನವರು ಕೂತಿರುವುದೊಂದೇ ಕಣ್ಣಿಗೆ ಬೀಳುತ್ತದೆ. ನೂರಕ್ಕೆ ನಲವತ್ತು ಪಾಲು ಹೊತ್ತು ಅವರು ಖಾಲಿ ಕೂರುವುದು ದಂಡವಲ್ಲ, ಸಾಲು ಬೆಳೆಯದಿರುವುದು ಅದರಿಂದಲೇ.

ಈ ಸೂತ್ರ ಎಲ್ಲ ಹೊತ್ತಿಗೂ ನಡೆಯುವುದಿಲ್ಲ. ಬೆಳಿಗ್ಗೆ ಪಿಕಪ್‌ಗಳು ಸಾಲುಗಟ್ಟಿ ಬಂದು, ನಾವು ಕಳಿಸುವುದಕ್ಕಿಂತ ಹೆಚ್ಚು ಜನ ಬರುತ್ತಿದ್ದರೆ ಅಲ್ಲಿ ಬರೀ ಕೂಡು-ಕಳೆ ಲೆಕ್ಕ ಸಾಕು. ಜನ ಬರುವ ವೇಗ ಒಂದು ಹದಕ್ಕೆ ನಿಂತಿರುವ ಹೊತ್ತಿಗೆ ಮಾತ್ರ ಮೇಲಿನ ಅಂಕಿಗಳು ಹೊಂದುತ್ತವೆ.

ಇನ್ನೊಂದು ವಿಷಯ, ಮಾಲಿನ ಏರುಪೇರು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ದರ್ಜೆಗಳಿವೆ. ಬರೀ ರಾಶಿ ತಂದವರದ್ದು ಬೇಗ ಮುಗಿಯುತ್ತದೆ. ಮೂರನ್ನೂ ಕಲಸಿ ತಂದರೆ ಟೇಬಲ್ಲಿನಲ್ಲೇ ಚರ್ಚೆ ಶುರು. ಮೇಲಿನ ಲೆಕ್ಕ ಇಂಥ ಏರುಪೇರು ಇದೆ ಎಂದೇ ಹಾಕಿದ್ದು. ಪೊಲಾಚೆಕ್ ಎಂಬ ಗಣಿತಜ್ಞ 1930ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಒಂದೇ ಟೇಬಲ್ಲಿನ ಸಾಲಿನಲ್ಲಿ ಪ್ರತಿ ಮಾಲಿಗೂ ಸಮನಾದ ಹೊತ್ತು ಹಿಡಿದರೆ ಕಾಯುವುದು ಅರ್ಧಕ್ಕೆ ಇಳಿಯುತ್ತದೆ. ಕೆಲಸದ ವೇಗ ಹೆಚ್ಚಿಸದೆಯೇ! ಅದಕ್ಕೇ ಕಲಸಿದ ಮೂಟೆಗಳನ್ನು ಇಳಿಸುವಾಗಲೇ ಹಮಾಲರು ಬೇರೆ ಇಡುವಂತೆ ಮಾಡಿದ್ದೇವೆ. ಬಿಚ್ಚಿ ವಿಂಗಡಿಸುವುದು ಅಲ್ಲೇ ಆಗುತ್ತದೆ, ಟೇಬಲ್ಲಿಗೆ ಬರುವುದು ತೂಕಕ್ಕೆ ಮಾತ್ರ.

ಸಂಘಗಳಲ್ಲಿ, ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡುವವರು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನಾನು ಹೇಳುವುದು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ನಿಯಮ. ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗವನ್ನು ಒಬ್ಬರು ಒಳಗೆ ಕಳೆಯುವ ಸರಾಸರಿ ಹೊತ್ತಿನಿಂದ ಗುಣಿಸಿದ್ದು. ವಿತರಣೆ ಯಾವುದೇ ಇರಲಿ, ನಿಯಮ ಬದಲಾಗುವುದಿಲ್ಲ. ಗಂಟೆಗೆ ಹನ್ನೆರಡು ಜನ ಬರುತ್ತಿದ್ದು, ತಲೆ ಎಣಿಸಿದಾಗಲೆಲ್ಲ ಅಂಗಳದಲ್ಲಿ ಸರಾಸರಿ ಇಪ್ಪತ್ನಾಲ್ಕು ಜನ ಇದ್ದರೆ, ಪ್ರತಿಯೊಬ್ಬರಿಗೂ ಸರಾಸರಿ ಎರಡು ಗಂಟೆ ಹಿಡಿಯುತ್ತಿದೆ ಎಂದರ್ಥ. ಗೇಟಿನ ರಿಜಿಸ್ಟರಿನಲ್ಲಿ ಬಂದ ಹೊತ್ತಿಗೊಂದು ಕಾಲಂ, ರಸೀದಿಯ ಮೇಲೆ ಕೊಟ್ಟ ಹೊತ್ತು, ಗಂಟೆಗೊಮ್ಮೆ ಅಂಗಳದ ತಲೆ ಎಣಿಕೆ: ಆಡಳಿತ ಮಂಡಳಿಯ ಮುಂದೆ ಮೂರನೇ ಟೇಬಲ್ ಕೇಳಲು ಇಷ್ಟು ಕಾಗದ ಸಾಕು.