ನೆಂಟರ ಮನೆಯ ಬೆಟ್ಟಗಳು

ನಮ್ಮ ಕಡೆ ಬೇಸಿಗೆ ಅಂದರೆ ನೆಂಟರ ಮನೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಸಿಗುತ್ತದೆ, ಮಾವಿನ ಹಣ್ಣು ಬರುತ್ತದೆ, ಊರೂರಲ್ಲಿ ಹಬ್ಬ, ಮದುವೆ, ಗೃಹಪ್ರವೇಶ. ಬೆಂಗಳೂರಿನಿಂದ ಅಣ್ಣನ ಮಕ್ಕಳು ಮೈಸೂರಿನ ನಮ್ಮ ಮನೆಗೆ ಬರುತ್ತಾರೆ. ಅವರನ್ನು ಕರೆದುಕೊಂಡು ನಾವು ಶ್ರೀರಂಗಪಟ್ಟಣದ ಚಿಕ್ಕಮ್ಮನ ಮನೆಗೆ, ಅಲ್ಲಿಂದ ಮೇಲುಕೋಟೆ ಹತ್ತಿರದ ದೊಡ್ಡವ್ವನ ಊರಿಗೆ ಹೋಗುತ್ತೇವೆ. ಈ ಸಲ ಬಟ್ಟೆ ಬ್ಯಾಗಿನ ಜೊತೆ ಓಟದ ಶೂಗಳೂ ಹೊರಟವು.

ಟಾರ್ ರಸ್ತೆ ಬಿಟ್ಟು ಮಣ್ಣು, ಕಲ್ಲು, ಬೆಟ್ಟದ ದಾರಿಯಲ್ಲಿ ಓಡುವುದಕ್ಕೆ ಟ್ರೇಲ್ ರನ್ನಿಂಗ್ ಅನ್ನುತ್ತಾರೆ. ನಾನು ಸ್ಪರ್ಧೆಗೆ ಓಡುವವಳಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಓಡುವ ಅಭ್ಯಾಸ ಇತ್ತು, ಅಷ್ಟೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ ಅದು. ಕುವೆಂಪು ನಡೆದಾಡುತ್ತಿದ್ದ ಏರಿ. ಮರದ ನೆರಳು, ಕಾಲಿಗೆ ಮೆತ್ತಗಿನ ಮಣ್ಣು, ನೀರಿನಲ್ಲಿ ಹೆಜ್ಜಾರ್ಲೆಗಳು. ಓಡಲು ಕಲಿಯುವವರಿಗೆ ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಅಣ್ಣನ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಬಂದ ಮಾರನೇ ದಿನವೇ "ಅತ್ತೆ, ನಾನೂ ಬರ್ತೀನಿ" ಅಂತ ಎದ್ದು ನಿಂತಳು. ಅವಳು ಬಂದಿದ್ದರಿಂದಲೇ ನನ್ನ ಓಟ ಕೆರೆ ಏರಿಯಿಂದ ಬೆಟ್ಟಕ್ಕೆ ಹೋಯಿತು.

ಮೊದಲು ಚಾಮುಂಡಿ ಬೆಟ್ಟ. ಮೆಟ್ಟಿಲು ಸಾವಿರ ಅಂತ ಊರಿನ ಲೆಕ್ಕ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ ದಾರಿ. ನಡುವೆ ಸಿಗುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಬೆಟ್ಟದಲ್ಲಿ ಚಿರತೆ ಓಡಾಟ ಇದೆ. ಹಾಗಾಗಿ ಚೆನ್ನಾಗಿ ಬೆಳಕು ಹರಿದ ಮೇಲೆಯೇ ನಾವು ಹತ್ತಲು ಶುರು ಮಾಡುತ್ತಿದ್ದದ್ದು. ಅಲ್ಲಿ ಸುಮ್ನೆ ಓಡಲು ಆಗುವುದಿಲ್ಲ, ಓಡಲೂ ಬಾರದು. ಹರಕೆ ಹೊತ್ತ ಹೆಂಗಸರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾರೆ. ಅವರ ಸೊಂಟಕ್ಕೆ ಎಷ್ಟು ನೋವಾಗುತ್ತಿರಬೇಕು! ಅವರನ್ನು ಕಂಡಾಗೆಲ್ಲ ನಾವು ನಡಿಗೆಗೆ ಇಳಿಯುತ್ತಿದ್ದೆವು. ಕುಂಕುಮ ಹಚ್ಚಿದ ಅಂಚಿನ ಮೇಲೆ ಕಾಲಿಡದೆ ಮೆಟ್ಟಿಲಿನ ಒಂದು ಪಕ್ಕದಲ್ಲಿ ಹೋಗುತ್ತಿದ್ದೆವು. ನೂರಾರು ವರ್ಷ ಪಾದ ತಾಗಿ ಕಲ್ಲು ನಯವಾಗಿದೆ. ಅದರ ಮೇಲೆ ಕುಂಕುಮದ ಪುಡಿ ಬಿದ್ದರೆ ಶೂ ಜಾರುತ್ತದೆ. ಹುಡುಗಿಗೆ ಅದನ್ನೇ ಮೊದಲು ಹೇಳಿಕೊಟ್ಟೆ.

ಇಳಿಯುವುದನ್ನು ಇಬ್ಬರೂ ಒಟ್ಟಿಗೆ ಕಲಿತೆವು. ಹತ್ತುವಾಗ ಏದುಸಿರು ಬರುತ್ತದೆ. ಆದರೆ ಮಾರನೇ ದಿನ ನೋಯುವುದು ಇಳಿದ ತೊಡೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆ ಕೆಲಸವೇ ಅದಕ್ಕೆ ಜಾಸ್ತಿ ಕಷ್ಟ. ದೊಡ್ಡ ಹೆಜ್ಜೆ ಹಾಕಿ ಹಿಮ್ಮಡಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ. ಪುಟ್ಟ ಪುಟ್ಟ ಹೆಜ್ಜೆ, ಬೇಗ ಬೇಗ, ಮಂಡಿ ಸ್ವಲ್ಪ ಬಗ್ಗಿರಬೇಕು, ಕಣ್ಣು ಕಾಲಬುಡದಲ್ಲಿ ಇರದೆ ಮೂರ್ನಾಲ್ಕು ಹೆಜ್ಜೆ ಮುಂದಿರಬೇಕು. ಒಂದು ವಾರ ಕಳೆಯುವಷ್ಟರಲ್ಲಿ ಅವಳು ನನಗಿಂತ ಹಗುರವಾಗಿ ಇಳಿಯುತ್ತಿದ್ದಳು.

ಶ್ರೀರಂಗಪಟ್ಟಣದಲ್ಲಿ ಕರಿಘಟ್ಟ. ಅದು ಪುಟ್ಟ ಬೆಟ್ಟ, ಬೇಗ ಮುಗಿಯುತ್ತದೆ. ಆದರೆ ಮೇಲೆ ಶ್ರೀನಿವಾಸನ ಗುಡಿ ಮುಂದೆ ನಿಂತರೆ ಕೆಳಗೆ ಲೋಕಪಾವನಿ ಬಂದು ಕಾವೇರಿ ಸೇರುವುದು, ಗದ್ದೆ ಬಯಲು, ದೂರದಲ್ಲಿ ಪಟ್ಟಣ, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಚಿಕ್ಕಪ್ಪ ಶನಿವಾರ ತಪ್ಪದೆ ಅಲ್ಲಿಗೆ ಹೋಗುವವರು. ನಮ್ಮ ಜೊತೆ ಮೆಟ್ಟಿಲು ಹತ್ತಿ, "ನೀವು ಓಡಿ, ನಾನು ತೀರ್ಥ ತಗೊಂಡು ಬರ್ತೀನಿ" ಅಂದರು. ಅವತ್ತೇ ಮಧ್ಯಾಹ್ನ ಮಕ್ಕಳನ್ನೆಲ್ಲ ರಂಗನತಿಟ್ಟಿಗೆ ಕರೆದುಕೊಂಡು ಹೋದೆವು. 1940ರಲ್ಲಿ ಸಲೀಂ ಅಲಿ ಅವರ ಮಾತಿನ ಮೇಲೆ ಪಕ್ಷಿಧಾಮವಾದ ಜಾಗ. ದೋಣಿ ನಡುಗಡ್ಡೆಯ ಹತ್ತಿರ ಹೋದಾಗ ಬಣ್ಣದ ಕೊಕ್ಕರೆಯೊಂದು ಗೂಡಿನ ಮೇಲೆ ರೆಕ್ಕೆ ಅರ್ಧ ಬಿಚ್ಚಿ ನಿಂತಿತ್ತು. ಕೆಳಗೆ ಅದರ ನೆರಳಿನಲ್ಲಿ ಎರಡು ಮರಿ. ಬಿಸಿಲು ಮರಿಗಳ ಮೇಲೆ ಬೀಳಬಾರದು ಅಂತ ತಾನು ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದೆ ಅಂತ ದೋಣಿಯವರು ಹೇಳಿದರು. ಅಣ್ಣನ ಚಿಕ್ಕ ಮಗ ಮೊಸಳೆ ನೋಡುವುದನ್ನೂ ಬಿಟ್ಟು ಅದನ್ನೇ ನೋಡುತ್ತಾ ಕೂತ.

ಈಗ ದೊಡ್ಡವ್ವನ ಊರು. ನಾನು ಬರೆಯಲು ಕೂತಿದ್ದೇ ಇದಕ್ಕಾಗಿ.

ಪಾಂಡವಪುರ ತಾಲ್ಲೂಕಿನಲ್ಲಿ, ಮೇಲುಕೋಟೆಯಿಂದ ಆರೇಳು ಕಿಲೋಮೀಟರ್ ದೂರದ ಸಣ್ಣ ಹಳ್ಳಿ. ನಾವು ಹೋದ ದಿನ ಸಂಜೆ ಭರಣಿ ಮಳೆ ಹುಯ್ಯಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆಯೇ ಇದೆಯಲ್ಲ, ಊರಿಗೆ ಊರೇ ಖುಷಿಯಲ್ಲಿತ್ತು. ಕರೆಂಟ್ ಹೋಗಿತ್ತು. ಮುದ್ದೆ, ಉಪ್ಸಾರು ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ, ನಾಳೆ ಬೆಳಿಗ್ಗೆ ರಸ್ತೆಯಲ್ಲಿ ಮೇಲುಕೋಟೆವರೆಗೂ ಓಡುತ್ತೇವೆ ಅಂತ ನಾನು ಹೇಳಿದೆ.

"ರಸ್ತೇಲಿ ಯಾಕಮ್ಮಿ? ಹಳೇ ದಾರಿ ಅದಲ್ಲ" ಅಂದಳು ದೊಡ್ಡವ್ವ.

ಅಲ್ಲಿಗೆ ಒಂದು ಕಾಲುದಾರಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗಿಂದ ಆ ಊರಿಗೆ ಹೋಗುತ್ತಿದ್ದೇನೆ, ಪ್ರತಿ ಸಲವೂ ಬಸ್ಸು ಇಲ್ಲವೇ ಕಾರು. ದೊಡ್ಡವ್ವ ಕತ್ತಲಲ್ಲಿ ಕೂತು ದಾರಿಯನ್ನು ಹೇಳುತ್ತಾ ಹೋದಳು. ಮಾರಮ್ಮನ ಗುಡಿ ಹಿಂದೆ ಹುಣಸೆ ತೋಪು. ತೋಪು ದಾಟಿದರೆ ಕಟ್ಟೆ. ಕಟ್ಟೆ ಏರಿ ಮುಗಿಯುವಲ್ಲಿ ಬಲಕ್ಕೆ ತಿರುಗಬಾರದು, ಎಡಕ್ಕೆ. ಅಲ್ಲಿಂದ ಬಂಡೆ ಬಯಲು. ಬಂಡೆ ಮೇಲೆ ದಾರಿ ಕಾಣುವುದಿಲ್ಲ, ಒಂಟಿ ಹೊಂಗೆ ಮರ ನೋಡಿಕೊಂಡು ನಡೆಯಬೇಕು. ಹೊಂಗೆ ಮರದ ಕೆಳಗೆ ತಲೆ ಹೊರೆ ಇಳಿಸುವ ಕಲ್ಲು. ನಿಂತವರು ಬಗ್ಗದೆಯೇ ಹೊರೆಯನ್ನು ಅದರ ಮೇಲೆ ಜಾರಿಸಬಹುದು, ಹಾಗೇ ಮತ್ತೆ ತಲೆಗೆ ಎತ್ತಿಕೊಳ್ಳಬಹುದು. ಮದುವೆಯಾಗಿ ಬಂದ ಹೊಸದರಲ್ಲಿ ದೊಡ್ಡವ್ವ ಅತ್ತೆಯ ಜೊತೆ ವೈರಮುಡಿಗೆ ಆ ದಾರಿಯಲ್ಲಿ ಹೋಗುತ್ತಿದ್ದಳಂತೆ. ಮಂಡ್ಯದ ಖಜಾನೆಯಿಂದ ಹೊರಟ ಕಿರೀಟ ಸಂಜೆಗೆ ಮೇಲುಕೋಟೆ ಸೇರಿ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ಇವರು ಬುತ್ತಿ ಕಟ್ಟಿಕೊಂಡು, ಮಗುವನ್ನು ಕಂಕುಳಲ್ಲಿ ಹೊತ್ತು, ಹೊತ್ತು ಮುಳುಗುವ ಮುಂಚೆ ಬೆಟ್ಟ ಸೇರುತ್ತಿದ್ದರು. ಉತ್ಸವ ನೋಡಿ, ಬೆಳಕು ಹರಿದ ಮೇಲೆ ಅದೇ ದಾರಿಯಲ್ಲಿ ವಾಪಸ್.

"ಏರ್ನಲ್ಲಿ ಓಡ್ಬ್ಯಾಡ ಕನಮ್ಮಿ. ಕೈಯ ಮಂಡಿ ಮ್ಯಾಲೆ ಊರ್ಕಂಡು ನಡಿ. ಸಮ ಸಿಕ್ದಾಗ ಓಡುವಂತೆ" ಅಂತಲೂ ಹೇಳಿದಳು. ಟ್ರೇಲ್ ಓಟ ಕಲಿಸುವವರು ಹೇಳುವುದೂ ಅಕ್ಷರಶಃ ಇದನ್ನೇ. ಕಡಿದಾದ ಏರಿನಲ್ಲಿ ಓಡಿದರೂ ನಡೆದರೂ ವೇಗ ಹೆಚ್ಚುಕಡಿಮೆ ಒಂದೇ ಬರುತ್ತದೆ, ಓಡಿದರೆ ದಣಿವು ಮಾತ್ರ ಜಾಸ್ತಿ. ಕೈಯಿಂದ ಮಂಡಿ ಒತ್ತಿದರೆ ತೊಡೆಯ ಭಾರ ಸ್ವಲ್ಪ ತೋಳಿಗೆ ಹಂಚಿಹೋಗುತ್ತದೆ. ತಲೆ ಮೇಲೆ ಬೆಲ್ಲದ ಹೊರೆ ಹೊತ್ತು ನಡೆದವರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಎದ್ದೆವು. ದೊಡ್ಡವ್ವನ ಮಗ, ನಮ್ಮಣ್ಣ, ಜೊತೆಗೆ ಬಂದ. ಕೈಯಲ್ಲಿ ಮಚ್ಚು ಹಿಡಿದಿದ್ದ. ಯಾಕೆ ಅಂತ ಹುಣಸೆ ತೋಪು ದಾಟಿದ ಮೇಲೆ ಗೊತ್ತಾಯಿತು. ದಾರಿಯನ್ನು ಲಂಟಾನ ನುಂಗಿಬಿಟ್ಟಿತ್ತು. ಎರಡೂ ಕಡೆಯಿಂದ ಬೆಳೆದು, ಎದೆಮಟ್ಟಕ್ಕೆ ಹೆಣೆದುಕೊಂಡು, ಹಿಂದೆ ಇಲ್ಲಿ ಜನ ನಡೆದಿದ್ದರು ಅನ್ನುವ ಗುರುತೇ ಇಲ್ಲ. ಮನೆಮನೆಗೆ ಬೈಕ್ ಬಂದ ಮೇಲೆ ಈ ಕಡೆ ಯಾರೂ ಬರುತ್ತಿಲ್ಲ, ಕುರಿ ಮೇಯಿಸುವವರೂ ಕಟ್ಟೆಯ ತನಕ ಮಾತ್ರ ಅಂತ ಅಣ್ಣ ಹೇಳಿದ. ನನಗೆ ನಿಜವಾಗಿಯೂ ಸಂಕಟವಾಯಿತು. ಎಷ್ಟು ತಲೆಮಾರಿನ ಹೆಂಗಸರು ತೌರಿಗೆ, ಸಂತೆಗೆ, ದೇವರಿಗೆ ಅಂತ ನಡೆದ ದಾರಿ. ಪಂಚಾಯ್ತಿ ಲೆಕ್ಕದಲ್ಲಿ ಇಲ್ಲ, ಫೋನಿನ ನಕ್ಷೆಯಲ್ಲೂ ಇಲ್ಲ. ದೊಡ್ಡವ್ವನ ಬಾಯಲ್ಲಿ ಮಾತ್ರ ಉಳಿದಿದೆ.

ಅಣ್ಣ ಮುಂದೆ ಕಡಿಯುತ್ತಾ ಹೋದ, ನಾವು ಹಿಂದೆ ಕೊಂಬೆ ಎಳೆದು ಪಕ್ಕಕ್ಕೆ ಹಾಕುತ್ತಾ ಹೋದೆವು. ಲಂಟಾನ ದಾಟಿ ಕಟ್ಟೆ ಏರಿ ಸಿಕ್ಕಿದ ಮೇಲೆ ಓಟ. ರಾತ್ರಿಯ ಮಳೆಗೆ ಕೆಮ್ಮಣ್ಣು ಹದವಾಗಿ ಕೂತಿತ್ತು, ಧೂಳಿಲ್ಲ, ಕೆಸರೂ ಇಲ್ಲ. ಶೂ ಅಡಿಯ ಹಲ್ಲುಗಳು ಕಚ್ಚಿ ಹಿಡಿಯುತ್ತಿದ್ದವು. ಏರಿ ಮುಗಿದಲ್ಲಿ ಹುಡುಗಿ ತಾನೇ ಎಡಕ್ಕೆ ತಿರುಗಿದಳು. ಬಂಡೆ ಬಯಲಿನಲ್ಲಿ ಮಳೆನೀರು ಗುಳಿಗುಳಿಯಲ್ಲಿ ನಿಂತಿತ್ತು. ದೂರದಲ್ಲೊಂದು ನವಿಲು ಕೂಗಿತು. ಈ ಸೀಮೆಯಲ್ಲಿ ತೋಳಗಳೂ ಇವೆ, ಅವುಗಳಿಗೆಂದೇ 1974ರಲ್ಲಿ ಮೇಲುಕೋಟೆ ಸುತ್ತಿನ ಕಾಡನ್ನು ವನ್ಯಧಾಮ ಮಾಡಿದ್ದಾರೆ. ನಮಗೆ ಕಂಡಿದ್ದು ಒಂದು ಮೊಲ.

ಹೊಂಗೆ ಮರ ಇತ್ತು! ಹೂ ಉದುರಿ ನೆಲ ಬೆಳ್ಳಗಾಗಿತ್ತು. ಹೊರೆ ಇಳಿಸುವ ಕಲ್ಲೂ ಇತ್ತು. ಎರಡು ನಿಂತ ಕಲ್ಲು, ಮೇಲೊಂದು ಅಡ್ಡಗಲ್ಲು, ನನ್ನ ಭುಜದ ಎತ್ತರಕ್ಕೆ. ಅಡ್ಡಗಲ್ಲಿನ ಮುಂದಿನ ಅಂಚು ದುಂಡಗೆ ಸವೆದಿತ್ತು, ಹಿಂದಿನ ಅಂಚು ಮಾತ್ರ ಇನ್ನೂ ಚೂಪಾಗಿತ್ತು. ಎಲ್ಲರೂ ಒಂದೇ ಕಡೆಯಿಂದ ಹೊರೆ ಜಾರಿಸುತ್ತಿದ್ದರು ಅಂತ ಕಾಣುತ್ತದೆ. ನಾವು ಬೆನ್ನಿನ ಚೀಲವನ್ನು ಅದರ ಮೇಲೆ ಇಟ್ಟು ನೀರು ಕುಡಿದೆವು. ನಮ್ಮ ಹತ್ತಿರ ಇದ್ದದ್ದು ಉಪ್ಪು ಹಾಕಿದ ನೀರುಮಜ್ಜಿಗೆ, ಒಂದೊಂದು ಅಚ್ಚು ಬೆಲ್ಲ, ಹುರಿದ ಕಡಲೆಕಾಯಿ. ಬಿಸಿಲುಗಾಲದ ಓಟಕ್ಕೆ ಬೆವರಿನಲ್ಲಿ ಹೋದ ಉಪ್ಪು, ನೀರು, ಸಕ್ಕರೆ ಮೂರೂ ವಾಪಸ್ ಬೇಕು. ಮಂಡ್ಯದ ಬೆಲ್ಲ ಇರುವಾಗ ಪೊಟ್ಟಣದ ಜೆಲ್ ಕೊಳ್ಳಬೇಕು ಅಂತ ನನಗೆ ಅನ್ನಿಸಿಯೇ ಇಲ್ಲ.

ಕೊನೆಯ ಏರು ಕಡಿದು. ದೊಡ್ಡವ್ವ ಹೇಳಿದಂತೆಯೇ ಮಂಡಿ ಮೇಲೆ ಕೈಯೂರಿ ಹತ್ತಿದೆವು. ಕಲ್ಯಾಣಿ ಹತ್ತಿರ ಬಂದಾಗ ಬಿಸಿಲು ಏರಿತ್ತು. ಮೆಟ್ಟಿಲ ಮೇಲೆ ದೊಡ್ಡವ್ವ ಕೂತಿದ್ದಳು! ಮೊದಲ ಬಸ್ಸಿಗೆ ಬಂದಿದ್ದಾಳೆ. ಪಕ್ಕದಲ್ಲಿ ಬುತ್ತಿ ಡಬ್ಬಿ.

"ಕಲ್ಲು ಅದೇನಮ್ಮಿ?" ಅನ್ನುವುದೇ ಅವಳ ಮೊದಲ ಮಾತು. ಇದೆ ಅಂದೆ. ಹುಡುಗಿ ಫೋನಿನಲ್ಲಿ ಫೋಟೋ ತೋರಿಸಿದಳು. ದೊಡ್ಡವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಜಾಸ್ತಿ ಹೊತ್ತು ನೋಡಿದಳು. ನಮ್ಮತ್ತೆ ಇಲ್ಲೇ ಕೂತು ಎಲೆ ಅಡಿಕೆ ಹಾಕ್ಕೊಳ್ತಿದ್ರು ಅಂತ ಫೋಟೋದಲ್ಲಿ ಬೆರಳಿಟ್ಟು ಹೇಳಿದಳು.

ಅಲ್ಲಿಂದ ಯೋಗಾನರಸಿಂಹನ ಬೆಟ್ಟಕ್ಕೆ ಎಲ್ಲರೂ ಒಟ್ಟಿಗೆ ಹೊರಟೆವು. ನಾನು ದೊಡ್ಡವ್ವನ ಹಿಂದೆ ಇದ್ದೆ. ಅವಳು ಮೆಟ್ಟಿಲನ್ನು ನೇರವಾಗಿ ಹತ್ತುವುದಿಲ್ಲ. ಎಡ ಅಂಚಿನಿಂದ ಬಲ ಅಂಚಿಗೆ, ಬಲದಿಂದ ಎಡಕ್ಕೆ, ಓರೆಯಾಗಿ ಹತ್ತುತ್ತಾಳೆ. ಏರು ಅಷ್ಟಕ್ಕಷ್ಟೇ ಕಡಿಮೆ ಅನ್ನಿಸುತ್ತದೆ. ಉಸಿರು ಒಂದೇ ಸಮ. ಎಪ್ಪತ್ತು ದಾಟಿದವಳು, ಎಲ್ಲೂ ಕೂರಲಿಲ್ಲ. ಹುಡುಗಿ ಅವಳ ಪಕ್ಕದಲ್ಲೇ, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಓರೆಯಾಗಿ ಹತ್ತಿದಳು. ದರ್ಶನ ಮುಗಿಸಿ, ಗೋಪುರದ ನೆರಳಿನಲ್ಲಿ ಕೂತು ಅವಳು ತಂದಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಕೆಳಗಿಳಿದ ಮೇಲೆ ಮಕ್ಕಳಿಗೆ ಪುಳಿಯೋಗರೆ. ಮೇಲುಕೋಟೆಗೆ ಬಂದು ಪುಳಿಯೋಗರೆ ತಿನ್ನದೆ ಹೋಗುವುದುಂಟಾ?

ಆಮೇಲೆ ಮೇ ತಿಂಗಳಲ್ಲಿ ಮತ್ತೆ ಹೋಗಿದ್ದೆವು. ಈ ಸಲ ಅಣ್ಣನ ಜೊತೆ ಊರಿನ ಹುಡುಗರೂ ಬಂದರು. ತೋಪಿನಿಂದ ಕಟ್ಟೆವರೆಗೆ ಲಂಟಾನವನ್ನು ಬೇರು ಸಮೇತ ಕಿತ್ತು ಹಾಕಿದೆವು. ಬುಡ ಕಡಿದರೆ ಸಾಲದು, ಮಳೆ ಬಿದ್ದ ತಕ್ಷಣ ಮತ್ತೆ ಚಿಗುರುತ್ತದೆ. ಹುಡುಗಿ ಇಡೀ ದಾರಿಯನ್ನು ಫೋನಿನ ನಕ್ಷೆಗೆ ಸೇರಿಸಿದ್ದಾಳೆ. ಹುಣಸೆ ತೋಪು, ಹೊಂಗೆ ಮರ, ಕಲ್ಲು, ಎಲ್ಲ ದೊಡ್ಡವ್ವ ಹೇಳಿದ ಹೆಸರಿನಲ್ಲೇ.

ಬರುವ ವೈರಮುಡಿಗೆ ನಡೆದೇ ಹೋಗೋಣ, ತಾನೂ ಬರುತ್ತೇನೆ ಅಂತ ದೊಡ್ಡವ್ವ ಹೇಳಿದ್ದಾಳೆ. ಅದು ಬರುವುದು ಫಾಲ್ಗುಣದಲ್ಲಿ, ಹುಡುಗಿಯ ಪರೀಕ್ಷೆಯೂ ಹೆಚ್ಚುಕಡಿಮೆ ಆಗಲೇ. ಅದನ್ನು ಹೇಳಿದರೆ, "ಪರೀಕ್ಸೆ ಬರ್ದು ಸೀದಾ ಬಸ್ ಹತ್ತು, ಬುತ್ತಿ ನಾನ್ ಕಟ್ತೀನಿ" ಅಂದಳು.