ಇಂಗಳದಾಳಿನ ಕಿಲುಬುಗಟ್ಟಿದ ಕಲ್ಲು

ಚಿತ್ರದುರ್ಗಕ್ಕೆ ಬಂದವರು ಕೋಟೆ ನೋಡಿ ಊರಿಗೆ ಹೊರಡುತ್ತಾರೆ. ಪಕ್ಕದಲ್ಲೇ ಇರುವ ಇಂಗಳದಾಳಿನ ತಾಮ್ರದ ಗಣಿ ಕಡೆ ತಿರುಗುವವರು ಕಡಿಮೆ. ನನಗೆ ಅದನ್ನು ನೋಡುವ ಆಸೆ ಚಿಕ್ಕಂದಿನಿಂದಲೂ ಇತ್ತು. ಕಾರ್ತಿಕದ ಒಂದು ಭಾನುವಾರ ಭಾವನ ಹಳೇ ಫೋರ್‌ವೀಲ್ ಜೀಪಿನಲ್ಲಿ ದಾವಣಗೆರೆ ಬಿಟ್ಟೆವು. ಹೆದ್ದಾರಿಯ 60 ಕಿ.ಮೀ. ಮಾತಾಡುತ್ತಲೇ ಕಳೆಯಿತು.

ಗುಡ್ಡದ ಬುಡದಲ್ಲಿ ಡಾಂಬರು ಮುಗಿಯಿತು. ಟೈರಿನ ಗಾಳಿ ಸ್ವಲ್ಪ ಇಳಿಸಿದೆವು. ಟೈರು ಮೆತ್ತಗಾದರೆ ಕಲ್ಲಿನ ಮೇಲೆ ಹಿಡಿತ ಜಾಸ್ತಿ. ಎರಡೂ ಕಡೆ ಜಾಲಿ, ಬಂದರೆ ಅನ್ನುವ ಕುರುಚಲು ಗಿಡ. ಮಳೆನೀರು ದಾರಿಯನ್ನು ಮೊಣಕಾಲುದ್ದ ಕೊರೆದಿತ್ತು. ಎಡಗಡೆ ಮುಂದಿನ ಚಕ್ರ ಆ ಕೊರಕಲಿಗೆ ಜಾರಿ, ಜೀಪು ಒಂದು ಕಡೆ ವಾಲಿತು.

“ರೇಸ್ ಕೊಡಬೇಡಿ ಭಾವ, ನಾನು ಇಳೀತೀನಿ” ಎಂದೆ.

ಅರ್ಧ ಗಂಟೆ ಕಲ್ಲು ಹೊತ್ತು ಚಕ್ರದ ಮುಂದೆ ತುಂಬಿದೆ. ಭಾವ ನಾಲ್ಕೂ ಚಕ್ರಕ್ಕೆ ಹೆಚ್ಚು ಬಲ ಕೊಡುವ ಫೋರ್ ಲೋಗೆ ಹಾಕಿ, ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಎತ್ತಿದರು. ಚಕ್ರ ಒಂದೊಂದೇ ಕಲ್ಲನ್ನು ಕಚ್ಚಿಕೊಂಡು ಹತ್ತಿತು.

ಹಾಗೆ ಹೊತ್ತ ಕಲ್ಲುಗಳಲ್ಲೊಂದು ಕೈಯಲ್ಲೇ ಉಳಿಯಿತು. ಮೇಲೆಲ್ಲ ತುಕ್ಕಿನ ಬಣ್ಣ. ಬಿರುಕಿನುದ್ದಕ್ಕೂ ಹಸಿರು ಕಿಲುಬು, ಹುಣಸೆಹಣ್ಣು ಕಾಣದ ಅಜ್ಜಿಯ ತಾಮ್ರದ ಚೊಂಬಿನಲ್ಲಿ ಇರುತ್ತಿತ್ತಲ್ವಾ, ಅದೇ. ಒಡೆದರೆ ಒಳಗೆ ಹಿತ್ತಾಳೆಯಂತೆ ಮಿನುಗುವ ಚುಕ್ಕಿಗಳು. ಕ್ಯಾಲ್ಕೊಪೈರೈಟ್ ಅನ್ನುವ ಅದಿರು, ತಾಮ್ರ, ಕಬ್ಬಿಣ, ಗಂಧಕ ಸೇರಿದ್ದು. ಹಟ್ಟಿ ಚಿನ್ನದ ಗಣಿ ಕಂಪನಿಯೂ ಇಲ್ಲಿ ನೆಲದಡಿ ಇಳಿದು ತೆಗೆಸಿದ್ದು ಇದನ್ನೇ.

ಮೇಕೆ ಮೇಯಿಸುತ್ತಿದ್ದ ಅಜ್ಜರೊಬ್ಬರು ಹತ್ತಿರ ಬಂದರು.

“ಮುಂದಕ್ಕೆ ಗಾಡಿ ಬಿಡಬ್ಯಾಡ ತಮ್ಮಾ. ಕೆಳಗೆಲ್ಲ ಪೊಳ್ಳೈತಿ. ನಮ್ಮಣ್ಣ ಅದರೊಳಗೇ ದುಡಿದೋನು.”

ಅಣ್ಣ ಪಾಳಿ ಮುಗಿಸಿ ಬಂದರೆ ಮೊದಲು ಬಾವಿಕಟ್ಟೆಗೆ ಹೋಗುತ್ತಿದ್ದರಂತೆ, ಮೈ ತೊಳೆಯದೆ ಮಕ್ಕಳನ್ನು ಮುಟ್ಟುತ್ತಿರಲಿಲ್ಲವಂತೆ. ನಮ್ಮ ಮನೆಯ ವೈರು, ಚೊಂಬುಗಳ ಹಿಂದೆ ಇಂಥವರೆಷ್ಟು ಜನರೋ! ಬೇಲಿಯ ಈಚೆಯಿಂದಲೇ ನೋಡಿ ಜೀಪು ತಿರುಗಿಸಿದೆವು. ದೂರದ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

ಮಧ್ಯಾಹ್ನ ಐಮಂಗಲದ ಕಡೆ ಮರಡಿಹಳ್ಳಿಗೆ ಹೋದೆವು. ಸುಮಾರು 250 ಕೋಟಿ ವರ್ಷ ಹಿಂದೆ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ಗಟ್ಟಿಯಾಗಿ, ದಿಂಬುಗಳ ಹಾಗೆ ಒಂದರ ಮೇಲೊಂದು ಕೂತ ಜಾಗ. ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭಾವ ಒಂದು ದಿಂಬಿನ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತರು. ಬಿಸಿಲಿಗೆ ಕಲ್ಲು ಕಾದಿತ್ತು.